ಅತ್ತೆಯ ಅರ್ಧ ಗಂಟೆ

ಅತ್ತೆ ಎಂದರೆ ನನಗೆ ಮೊದಲು ಕಾಣುವುದು ತಟ್ಟೆಯ ಮೇಲೆ ಎತ್ತಿ ಹಿಡಿದ ಅವರ ಬಲಗೈ. ಐದೂ ಬೆರಳು ಒದ್ದೆ. ಬೆರಳು ಸಣ್ಣಗಾಗಿ ಉಂಗುರ ಜಾರುತ್ತಿದ್ದುದರಿಂದ ಅದರ ಅಡಿಗೆ ಕೆಂಪು ದಾರ ಸುತ್ತಿಕೊಂಡಿದ್ದರು. ಆ ದಾರಕ್ಕೆ ಸದಾ ಸಾರಿನ ಅರಿಶಿನ ಹತ್ತಿರುತ್ತಿತ್ತು. ಬೆಳಗಿನ ಊಟ ಮುಗಿದಿರುತ್ತಿತ್ತು, ಆದರೆ ಅತ್ತೆ ಏಳುತ್ತಿರಲಿಲ್ಲ. ಎಡಗೈಯಿಂದ ಚೊಂಬಿನ ನೀರನ್ನು ಹನಿಹನಿಯಾಗಿ ಬೆರಳ ತುದಿಗೆ ಹಾಕಿಕೊಳ್ಳುವುದು, ಗೋಡೆ ಗಡಿಯಾರ ನೋಡುವುದು, ಮತ್ತೆ ಹನಿ ಹಾಕಿಕೊಳ್ಳುವುದು. ನಾನು ಹೆಗಲಿಗೆ ಬ್ಯಾಗ್ ಏರಿಸಿ, ಎದುರಿನ ಸ್ಟೂಲಿನ ಮೇಲೆ ಕೂತು ಹಲ್ಲು ಕಡಿಯುತ್ತಿದ್ದೆ. ಶಿವಮೊಗ್ಗದ ಶಾಲೆಯಲ್ಲಿ ನಾನು ಟೀಚರ್. ಭದ್ರಾವತಿಯಿಂದ ಹೋಗುವ ನನ್ನ ಬಸ್ಸು ಅತ್ತೆಯ ಊಟ ಮುಗಿಯಲಿ ಎಂದು ಕಾಯುವ ಬಸ್ಸಾಗಿರಲಿಲ್ಲ.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಮಾವ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು, ನಾನು ಆ ಮನೆಗೆ ಬರುವ ಮೊದಲೇ ತೀರಿಹೋಗಿದ್ದರು. ನನ್ನ ಗಂಡನೂ ಅದೇ ಕಾರ್ಖಾನೆಗೆ ಸೇರಿದ್ದರಿಂದ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ನಾವು ಮೂವರೂ ಇದ್ದೆವು. ನಾನು ಸೊಸೆಯಾಗಿ ಬಂದಾಗ ಅತ್ತೆ ಅಡುಗೆಮನೆಯ ಬಾಗಿಲನ್ನು ಅಡ್ಡ ತಿರುಗಿ ದಾಟುತ್ತಿದ್ದರು. ತೂಕ ಎಷ್ಟೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಡಾಕ್ಟರ ಶಾಪಿನ ತೂಕದ ಯಂತ್ರದ ಮುಳ್ಳು ಕೊನೆಗೆ ಹೋಗಿ ನಿಂತುಬಿಡುತ್ತಿತ್ತು. ಕೊನೆಗೆ ಶಿವಮೊಗ್ಗದಲ್ಲಿ ಅಡಿಕೆ ಮಂಡಿ ಇಟ್ಟಿದ್ದ ಅವರ ತಮ್ಮನೇ ಮೂಟೆ ತೂಗುವ ಯಂತ್ರದ ಮೇಲೆ ಅಕ್ಕನನ್ನು ನಿಲ್ಲಿಸಿದರು. ಹಮಾಲರು ಮರ್ಯಾದೆಗೆ ಆಚೆ ತಿರುಗಿ ನಿಂತರು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು, ತೂಕ ಕೂಗಿ ಹೇಳಬೇಡ, ಕೇಳಿದವರು ರೇಟು ಕಟ್ಟಿಯಾರು ಎಂದರಂತೆ.

ದಪ್ಪ ಇರುವ ಬಗ್ಗೆ ಅವರಿಗೆ ನಾಚಿಕೆ ಇರಲಿಲ್ಲ. ಇದ್ದದ್ದು ಒಂದೇ ದುಃಖ. ನೆಲದ ಮೇಲೆ ಮಣೆ ಹಾಕಿ, ಚಕ್ಕಳಮಕ್ಕಳ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಬೇಕು ಎನ್ನುವುದು ಅವರ ಆಸೆ. ಮಂಡಿ ಎರಡೂ ಹೋಗಿ ಎಷ್ಟೋ ವರ್ಷದಿಂದ ಪೂಜೆ ಕುರ್ಚಿಯ ಮೇಲೇ ನಡೆಯುತ್ತಿತ್ತು. "ಕುರ್ಚಿ ಮೇಲೆ ಕೂತು ಲಿಂಗ ಹಿಡಿದ್ರೆ ಬಸ್‌ಸ್ಟ್ಯಾಂಡಲ್ಲಿ ಕೂತಂಗೆ ಆಗುತ್ತೆ" ಎನ್ನುತ್ತಿದ್ದರು. ಮಂಡಿಯ ಡಾಕ್ಟರು ಮೊದಲು ತೂಕ ಇಳಿಸಿ ಬನ್ನಿ ಎಂದು ಕೈ ತೊಳೆದುಕೊಂಡರು. ಬೆಳಿಗ್ಗೆ ವಾಕಿಂಗ್, ರಾತ್ರಿ ಗೋಧಿ ನುಚ್ಚು, ಎಲ್ಲವೂ ಆಯಿತು; ಯಂತ್ರದ ಮುಳ್ಳು ಜಗ್ಗಲಿಲ್ಲ.

ಎರಡು ಸಾವಿರದ ಐದಾರರ ಸುಮಾರಿಗೆ ನನ್ನ ಗಂಡ ಬೆಂಗಳೂರಿನ ಒಂದು ಆಸ್ಪತ್ರೆಯ ವಿಷಯ ತಿಳಿದು ಬಂದರು. ಜಠರವನ್ನು ಕತ್ತರಿಸಿ ನಿಂಬೆಹಣ್ಣಿನಷ್ಟು ಚೀಲ ಉಳಿಸಿ, ಅದನ್ನು ಕರುಳಿಗೆ ಜೋಡಿಸುತ್ತಾರೆ. ಆಮೇಲೆ ಬೇಕೆಂದರೂ ಹೆಚ್ಚು ತಿನ್ನಲಾಗುವುದಿಲ್ಲ. ನೆಂಟರಲ್ಲಿ ಯಾರೂ ಇಂಥದ್ದನ್ನು ಕೇಳಿರಲಿಲ್ಲ. ದುಡ್ಡು ಕೊಟ್ಟು ಹೊಟ್ಟೆ ಕೊಯ್ಸಿಕೊಳ್ಳುವವರೂ ಇದ್ದಾರಾ ಎಂದು ನಕ್ಕರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ನೆಲದ ಮೇಲೆ ಕೂರಕ್ಕಾಗುತ್ತಾ?" ಆಗಬಹುದು ಎಂದರು ಡಾಕ್ಟರು. ಅಷ್ಟು ಸಾಕಾಯಿತು.

ಆಪರೇಷನ್ ಸುಸೂತ್ರವಾಗಿ ಆಯಿತು. ತಾಪತ್ರಯ ಶುರುವಾಗಿದ್ದು ಮನೆಗೆ ಬಂದ ಮೇಲೆ, ಅದೂ ನನ್ನ ಪಾಲಿಗೆ. ಆಸ್ಪತ್ರೆಯ ಆಹಾರತಜ್ಞೆ ಎಲ್ಲವನ್ನೂ ನನಗೇ ಹೇಳಿ ಕಳಿಸಿದ್ದರು, ಮಗನಿಗಲ್ಲ. ಮೊದಲು ಬರೀ ತಿಳಿ, ಆಮೇಲೆ ಗಂಜಿ, ಆಮೇಲೆ ಮೆತ್ತಗಿನ ಊಟ. ತುತ್ತನ್ನು ಹಿಟ್ಟಾಗುವವರೆಗೆ ಅಗಿಯಬೇಕು. ಬೇಳೆ, ಕಾಳು, ಮೊಸರು ಮೊದಲು, ಅನ್ನ ಕೊನೆಗೆ. ಸಿಹಿ ಮುಟ್ಟಬಾರದು; ಅದು ನೇರ ಕರುಳಿಗೆ ಇಳಿದು ಮೈ ಬೆವರಿ ಎದೆ ಬಡಿದುಕೊಳ್ಳುತ್ತದೆ. ಸಾಕು ಎನಿಸಿದ ಕ್ಷಣ ನಿಲ್ಲಿಸಬೇಕು, ತಟ್ಟೆಯಲ್ಲಿ ಎಷ್ಟೇ ಉಳಿದಿರಲಿ. ನೀರು ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು, ಆದರೆ ಊಟದ ಜೊತೆ ಬೇಡವೇ ಬೇಡ; ಊಟವಾಗಿ ಅರ್ಧ ಗಂಟೆಯವರೆಗೂ ಬೇಡ. ತಿಳಿ, ಗಂಜಿಯ ದಿನಗಳು ಹೇಗೋ ಕಳೆದವು. ಪಕ್ಕದ ಮನೆಯ ತಮಿಳು ಅಮ್ಮ ದಿನಾ ಲೋಟದಲ್ಲಿ ತಿಳಿ ರಸಂ ತಂದುಕೊಟ್ಟು ನನ್ನ ಮಾನ ಉಳಿಸಿದರು.

ಅತ್ತೆ ತಟ್ಟೆಯ ಮುಂದೆ ಕೂತ ದಿನ ನನ್ನ ಗ್ರಹಚಾರ ಶುರುವಾಯಿತು. ಅವರ ಮನೆತನದಲ್ಲಿ ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ. ಒಂದು ಅಗುಳೂ ಬಿಡುವಂತಿಲ್ಲ. ಉಂಡಾದ ಮೇಲೆ ಅದೇ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನು ಕುಡಿದೇ ಏಳಬೇಕು. ನಮ್ಮದೂ ಲಿಂಗವಂತರ ಮನೆಯೇ. ಅಜ್ಜನ ಕಾಲದಲ್ಲಿ ನಮ್ಮಲ್ಲೂ ಹೀಗೇ ಇತ್ತಂತೆ. ಮನೆಗೆ ಕೈ ತೊಳೆಯುವ ಬೇಸಿನ್ ಬಂದ ಮೇಲೆ ನಿಂತುಹೋಗಿತ್ತು. ಅತ್ತೆಗೆ ಬೇಸಿನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಡಾಕ್ಟರು ಏನು ಬೇಡ ಎಂದಿದ್ದರೋ ಅದನ್ನೇ ಅವರು ಎರಡೂ ಕೈಯಿಂದ ಮಾಡಿದರು. ಸಾಕೆನಿಸಿದ ಮೇಲೂ ಉಳಿದ ಎರಡು ತುತ್ತು ನುಂಗಿ, ತಟ್ಟೆ ತೊಳೆದು ಗಟಗಟ ಕುಡಿದು, ಬಚ್ಚಲಿಗೆ ಹೋಗಿ ಅಷ್ಟನ್ನೂ ಕಕ್ಕಿ ಬಂದರು. ಹೀಗೆ ವಾರಗಟ್ಟಲೆ ನಡೆಯಿತು. ಪ್ರಸಾದ ಚೆಲ್ಲಬಾರದು ಎನ್ನುವವರು ಅದನ್ನು ಬಚ್ಚಲಿಗೆ ಚೆಲ್ಲುತ್ತಿದ್ದೀರಲ್ಲ ಎಂದು ನಾನು ರೇಗಿದರೆ, ಅದು ನಾನು ಚೆಲ್ಲಿದ್ದಲ್ಲ, ತಾನೇ ಬಂದಿದ್ದು ಎನ್ನುತ್ತಿದ್ದರು.

ಆಸ್ಪತ್ರೆಗೆ ಫೋನ್ ಮಾಡಿದೆ. ಆಹಾರತಜ್ಞೆಗೆ ತಟ್ಟೆ ತೊಳೆದು ಕುಡಿಯುವುದನ್ನು ಅರ್ಥ ಮಾಡಿಸುವ ಹೊತ್ತಿಗೆ ಎಸ್‌ಟಿಡಿ ಬೂತಿನವನಿಗೂ ಅರ್ಥವಾಗಿತ್ತು. ಪೂಜೆಗೆಂದು ಮನೆಗೆ ಬರುತ್ತಿದ್ದ ಜಂಗಮ ಅಯ್ಯನವರಿಂದ ಹೇಳಿಸಿದೆ. ಅವರು ಪಾಪ ಧಾರಾಳವಾಗಿ, ದೇಹ ಮೊದಲು, ತಾಯಿ, ಬಿಟ್ಟುಬಿಡಿ, ದೋಷವಿಲ್ಲ ಎಂದರು. ಅತ್ತೆ ಅವರ ಕಾಲಿಗೆ ನಮಸ್ಕಾರ ಮಾಡಿ ಕಳಿಸಿ, ನನ್ನತ್ತ ತಿರುಗಿ ಹೇಳಿದರು: "ಅವರು ದೊಡ್ಡೋರು, ಹೇಳ್ತಾರೆ. ಉಣ್ಣೋದು ನಾನು."

ಕೊನೆಗೆ ದಾರಿ ಕಂಡುಹಿಡಿದದ್ದೂ ಅವರೇ. ತುಪ್ಪದ ಬಟ್ಟಲಿನಷ್ಟು ಮಾತ್ರ ಬಡಿಸಿಕೊಳ್ಳುವುದು, ಅಗಿದು ಅಗಿದು ಅಷ್ಟನ್ನೇ ಮುಗಿಸುವುದು, ಆಮೇಲೆ ತಟ್ಟೆಯ ಮುಂದೆ ಅರ್ಧ ಗಂಟೆ ಕೂತೇ ಇರುವುದು. ಗಡಿಯಾರ ಹೂಂ ಎಂದ ಮೇಲೆ ತಟ್ಟೆ ತೊಳೆದು, ಆ ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು. ಡಾಕ್ಟರ ಮಾತೂ ಉಳಿಯಿತು, ಅವರ ಹಟವೂ ಉಳಿಯಿತು. ಹೋದದ್ದು ನನ್ನ ಹೊತ್ತು. ಏಕೆಂದರೆ ಎಂಜಲು ಕೈ ಒಣಗಬಾರದು, ಮನೆಗೆ ಒಳ್ಳೆಯದಲ್ಲ. ಅದಕ್ಕೇ ಆ ನೀರಿನ ಹನಿ. ಉಂಡವರನ್ನು ತಟ್ಟೆಯ ಮುಂದೆ ಒಂಟಿಯಾಗಿ ಕೂರಿಸಿ ಹೋಗಲೂಬಾರದು. ಅದಕ್ಕೇ ನಾನು. ಅವರ ಮಗ ಶಿಫ್ಟಿನ ನೆಪ ಹೇಳಿ ಜಾರಿಕೊಂಡಿದ್ದರು.

ಈ ಅರ್ಧ ಗಂಟೆಯಲ್ಲಿ ಅತ್ತೆ ಸುಮ್ಮನಿರುತ್ತಿದ್ದರೇ? ಬಾಯಿಗೆ ಕೆಲಸ ಕಮ್ಮಿಯಾಗಿತ್ತಲ್ಲ, ಮಾತಿಗೆ ಇಳಿದರು. ಮಾವನ ಸಿಟ್ಟು, ತಾವು ಹೊಸದಾಗಿ ಬಂದಾಗ ಕಾರ್ಖಾನೆಯ ಸೈರನ್ನಿಗೆ ಹೆದರಿ ಮಂಚದ ಕೆಳಗೆ ಕೂತದ್ದು, ತವರಿನ ಆಯನೂರಿನಲ್ಲಿ ಉಂಡ ಅವರೆಕಾಳು ಸಾರು. ಊಟ ಕಮ್ಮಿಯಾದಷ್ಟೂ ಊಟದ ಮಾತು ಹೆಚ್ಚಾಯಿತು. ಬದನೆಕಾಯಿ ಎಣಗಾಯಿಯ ವರ್ಣನೆ ಕೇಳುತ್ತಾ ನಾನು ಎರಡು ಬಸ್ಸು ತಪ್ಪಿಸಿಕೊಂಡಿದ್ದೇನೆ. ಹೆಡ್‌ಮಿಸ್ ಕೇಳಿದಾಗ ಏನೆಂದು ಹೇಳುವುದು, ನಮ್ಮತ್ತೆ ಕೈ ಒಣಗುತ್ತದೆ ಎಂದೇ? ಹೊಟ್ಟೆನೋವು ಎಂದು ಸುಳ್ಳು ಹೇಳುತ್ತಿದ್ದೆ.

ಆ ವರ್ಷ ಶಿವಮೊಗ್ಗದಲ್ಲಿ ನನ್ನ ತವರಿನವರು ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡರು. ಹೋಗುವಾಗ ದಾರಿಯುದ್ದಕ್ಕೂ ಅತ್ತೆಗೆ ಪಾಠ ಹೇಳಿದೆ: ಸಿಹಿ ಬಂದರೆ ಎಲೆಗೆ ಕೈ ಅಡ್ಡ ಹಿಡಿಯಿರಿ, ಬೀಳುವ ಮೊದಲೇ ಬೇಡ ಅನ್ನಿ. ಆಯಿತು ಮಾರಾಯ್ತಿ ಎಂದರು. ಆದರೆ ನಮ್ಮ ಕಡೆಯ ಉಪಚಾರವನ್ನು ನಾನು ಮರೆತಿದ್ದೆ. ನಾನು ಇನ್ನೊಂದು ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದಾಗ ನನ್ನ ದೊಡ್ಡಪ್ಪ ಬಂದು, ಬೀಗಿತ್ತಿ ಸಣ್ಣಗಾಗಿಬಿಟ್ಟಿದ್ದಾರೆ, ನಮ್ಮ ಮನೆಯಲ್ಲಿ ಹೀಗೆ ಉಂಡರೆ ನಮಗೆ ಅವಮಾನ ಎಂದು, ಅಡ್ಡ ಹಿಡಿದ ಕೈಯನ್ನು ಸರಿಸಿ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದರಂತೆ. ಎಲೆಗೆ ಬಿತ್ತು. ಬಿದ್ದ ಮೇಲೆ ಮುಗಿಯಿತು.

ನಾನು ನೋಡುವ ಹೊತ್ತಿಗೆ ಅರ್ಧ ಹೋಳಿಗೆ ಒಳಗೆ ಹೋಗಿತ್ತು. ಅತ್ತೆಯ ಮುಖ ಬೂದಿಯಾಗಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಆದರೂ ಉಳಿದರ್ಧ ಮುರಿಯುತ್ತಿದ್ದರು. ನನಗೆ ಬಂದ ಕೋಪ ಎಂಥದ್ದೆಂದರೆ, ಅವರ ಮೇಲೋ, ದೊಡ್ಡಪ್ಪನ ಮೇಲೋ, ಆ ಹೋಳಿಗೆಯ ಮೇಲೋ ತಿಳಿಯಲಿಲ್ಲ. ಬಿಡಿ ಎಂದೆ. ತಲೆ ಅಲ್ಲಾಡಿಸಿದರು. ಸತ್ತು ಹೋಗ್ತೀರಿ ಎಂದೆ. ಅದಕ್ಕೂ ತಲೆ ಅಲ್ಲಾಡಿಸಿದರು. ನೀರಿನ ಜಗ್ಗು ಕೆಳಗಿಟ್ಟು ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಎಲೆಯನ್ನು ನನ್ನ ಮುಂದೆ ಎಳೆದುಕೊಂಡು ಉಳಿದ ಹೋಳಿಗೆ, ಕೋಸಂಬರಿ, ಕಲಸಿಟ್ಟಿದ್ದ ಅನ್ನ, ಎಲ್ಲವನ್ನೂ ತಿನ್ನತೊಡಗಿದೆ. ತವರಿನ ನೆಂಟರೆಲ್ಲ ನೋಡುತ್ತಿದ್ದರು. ಅತ್ತೆಯ ಎಂಜಲೆಲೆಯಲ್ಲಿ ಮಗಳು ಉಣ್ಣುವುದನ್ನು ಕಂಡು ನನ್ನ ತಾಯಿ ಬಾಯಿಗೆ ಸೆರಗು ಹಿಡಿದರು.

"ಚೆಲ್ಲಬಾರದು, ಅಷ್ಟೇ ತಾನೇ?" ಎಂದೆ ಅತ್ತೆಗೆ. "ಚೆಲ್ಲಲ್ಲ. ನೀವು ಏಳಿ."

ಎದ್ದರು. ಅವರನ್ನು ಒಳಗಿನ ಕೋಣೆಯಲ್ಲಿ ಮಲಗಿಸಿ ಬೀಸಣಿಗೆಯಿಂದ ಗಾಳಿ ಹಾಕಿದೆ. ಎದೆ ಬಡಿತ ನಿಧಾನವಾಗಿ ಇಳಿದು ಮುಖಕ್ಕೆ ಬಣ್ಣ ಬಂತು. ಕಣ್ಣು ಬಿಟ್ಟು ಏನೋ ಹೇಳಲು ಹೊರಟರು. ಥ್ಯಾಂಕ್ಸ್ ಅಲ್ಲದಿದ್ದರೂ ಒಂದು ಒಳ್ಳೆಯ ಮಾತು ಬರಬಹುದೆಂದು ಬಗ್ಗಿದೆ.

"ನೀರು ಹಾಕಿ ಕುಡಿದ್ಯಾ?" ಎಂದರು.

ಬೀಸಣಿಗೆ ನೆಲಕ್ಕೆ ಎಸೆದೆ. ಬಾಳೆ ಎಲೆಯನ್ನು ಯಾರು ತೊಳೆದು ಕುಡಿಯುತ್ತಾರೆ ಎಂದೆ. ದೊನ್ನೆ ಮಾಡಿಕೊಂಡು ಕುಡಿಯಬಹುದು ಎಂದರು. ಅದೊಂದು ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ, ಉಂಡದ್ದೇ ಹೆಚ್ಚು ಎಂದು ಖಡಾಖಂಡಿತ ಹೇಳಿದೆ. ಅತ್ತೆ ನನ್ನ ಮೊಣಕೈ ಮುಟ್ಟಿದರು. "ಆಗೋವಾಗ ಆಗುತ್ತೆ ಬಿಡು ಮಾರಾಯ್ತಿ" ಎಂದು ಆಚೆ ತಿರುಗಿ ಮಲಗಿದರು.

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಸಾಕೆನಿಸಿದಾಗ ಅತ್ತೆ ಯಾವ ಸಂಕೋಚವೂ ಇಲ್ಲದೆ ತಟ್ಟೆಯನ್ನು ನನ್ನ ಕಡೆ ನೂಕುತ್ತಿದ್ದರು. ಒಂದು ತುತ್ತೋ ಎರಡು ತುತ್ತೋ ನಾನು ಮುಗಿಸಬೇಕು. ಆಮೇಲೆ ತಟ್ಟೆ ಮತ್ತೆ ಅವರ ಮುಂದೆ, ಕೈಗೆ ಹನಿ ನೀರು, ಗಡಿಯಾರ, ಎಣಗಾಯಿಯ ಮಾತು. ಅಪರೂಪಕ್ಕೆ ಆಗುತ್ತಿದ್ದ ವಾಂತಿಯೂ ನಿಂತಿತು. ಅತ್ತೆ ಇಳಿಯುತ್ತಾ ಹೋದರು, ನಾನು ಏರುತ್ತಾ ಹೋದೆ. ಅಡಿಕೆ ಮಂಡಿಗೆ ತೂಕ ನೋಡಲು ಹೋದಾಗ ಅವರ ತಮ್ಮ ನನ್ನನ್ನೂ ಯಂತ್ರದ ಮೇಲೆ ನಿಲ್ಲಿಸಿ, ಅಕ್ಕನಿಂದ ಇಳಿದ ಮಾಲು ಎಲ್ಲಿ ಹೋಯ್ತು ಅಂದ್ಕೊಂಡಿದ್ದೆ, ಇಲ್ಲೇ ಸ್ಟಾಕ್ ಇದೆ ಎಂದರು. ಹಮಾಲರು ಈ ಸಲ ಆಚೆ ತಿರುಗಲಿಲ್ಲ. ಅತ್ತೆಯೂ ನಕ್ಕರು. ನಾನು ಯಂತ್ರದಿಂದ ಇಳಿದು ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಹೊರಟೆ.

ಆಮೇಲೊಂದು ಬೆಳಿಗ್ಗೆ ಅಡುಗೆಮನೆಯಲ್ಲಿದ್ದವಳಿಗೆ ಮಣೆ ಎಳೆದ ಸದ್ದು ಕೇಳಿಸಿತು. ಬಂದು ನೋಡಿದರೆ ಕುರ್ಚಿ ಗೋಡೆಗೆ ಸರಿದಿತ್ತು, ಅತ್ತೆ ನೆಲದ ಮೇಲಿದ್ದರು. ಚಕ್ಕಳಮಕ್ಕಳ ಪೂರ್ತಿ ಕೂಡಿರಲಿಲ್ಲ, ಒಂದು ಕಾಲು ಸ್ವಲ್ಪ ಚಾಚಿತ್ತು. ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿತ್ತು, ಕೆನ್ನೆ ಒದ್ದೆಯಾಗಿತ್ತು. ಪೂಜೆ ಮುಗಿಯಲಿ, ಎತ್ತಿ ನಿಲ್ಲಿಸೋಣ ಎಂದು ಕಾದೆ. ಅವರು ಕೈ ಅಡ್ಡ ಮಾಡಿ, ಗೋಡೆ ಹಿಡಿದು, ತಾವೇ ಎದ್ದರು. ಆ ಬೆಳಿಗ್ಗೆಯೂ ನನ್ನ ಬಸ್ಸು ಹೋಯಿತು. ನನಗೆ ಬೇಜಾರಾಗಲಿಲ್ಲ; ನಿಜ ಹೇಳಬೇಕೆಂದರೆ ತುಂಬಾ ಸಂತೋಷವಾಯಿತು, ಅವರಿಗೆ ಹೇಳಲಿಲ್ಲ ಅಷ್ಟೇ.

ಕೆಲವು ವರ್ಷ ಅವರು ನೆಲದ ಮೇಲೆಯೇ ಪೂಜೆ ಮಾಡಿದರು. ಆಮೇಲೆ ಹೃದಯ ಸೋತಿತು. ವಯಸ್ಸಾಗಿದೆ, ಮನೆಯಲ್ಲೇ ನೆಮ್ಮದಿಯಾಗಿ ಇರಲಿ ಎಂದರು ಡಾಕ್ಟರು. ಶಾಲೆಗೆ ರಜೆ ಹಾಕಿ ಕೂತೆ. ಕೊನೆಯ ದಿನ ಮಧ್ಯಾಹ್ನ ಬಟ್ಟಲಿನಲ್ಲಿ ಹೆಸರುಬೇಳೆ ಗಂಜಿ ಕುಡಿಸಿದೆ. ಎರಡು ಚಮಚ ತೆಗೆದುಕೊಂಡು ಬಾಯಿ ಮುಚ್ಚಿದರು. ಕೈ ಎತ್ತಲಾಗದೆ, ಬೆರಳಿನಿಂದಲೇ ಬಟ್ಟಲನ್ನು ನನ್ನ ಕಡೆ ನೂಕಿದರು. ದಾರ ಸುತ್ತಿದ ಉಂಗುರ ಬಟ್ಟಲಿಗೆ ತಾಗಿ ಸದ್ದಾಯಿತು. ಆಮೇಲೆ ತಿನ್ನುತ್ತೇನೆ, ನೀವು ಮಲಗಿ ಎಂದೆ. ಮಲಗಿದರು. ಸಂಜೆ ಶಿಫ್ಟಿನ ಸೈರನ್ ಆಗುವ ಹೊತ್ತಿಗೆ ಲಿಂಗೈಕ್ಯರಾಗಿದ್ದರು.

ಮರುದಿನ ಎಲ್ಲ ಮುಗಿಸಿ ಬಂದು ಮನೆ ತೊಳೆಯುವಾಗ ಮಂಚದ ಪಕ್ಕದ ಸ್ಟೂಲಿನ ಮೇಲೆ ಆ ಬಟ್ಟಲು ಹಾಗೇ ಇತ್ತು. ಗಂಜಿ ತಣಿದು ಕೆನೆಗಟ್ಟಿತ್ತು, ಸ್ವಲ್ಪ ಹುಳಿ ವಾಸನೆ ಬರುತ್ತಿತ್ತು. ನನ್ನ ತಾಯಿ ಅದನ್ನು ಬಚ್ಚಲಿಗೆ ಸುರಿಯಲು ಎತ್ತಿಕೊಂಡರು. ಕೊಡಿ ಇಲ್ಲಿ ಎಂದೆ. ನೆಲದ ಮೇಲೆ ಕೂತು ಅಷ್ಟನ್ನೂ ತಿಂದೆ. ಆಮೇಲೆ ಏಳಲಿಲ್ಲ. ಚೊಂಬಿನಿಂದ ಬೆರಳಿಗೆ ಹನಿ ನೀರು ಹಾಕಿಕೊಳ್ಳುತ್ತಾ ಗಡಿಯಾರ ನೋಡುತ್ತಾ ಕೂತೆ. ನನಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಅರ್ಧ ಗಂಟೆ ಆದ ಮೇಲೆ ಬಟ್ಟಲಿಗೆ ನೀರು ಹಾಕಿ, ಸುತ್ತ ತೊಳೆದು, ಕುಡಿದೆ.