ಮಿಸ್ತ್ರಿ ಮಾವ ಹತ್ತದ ಗಾಡಿ

ಮೊನ್ನೆ ಗುಂಡಿ ಡಬ್ಬಿಯನ್ನು ಚಾಪೆಯ ಮೇಲೆ ಸುರುವಿಕೊಂಡು ಒಂದು ಬಿಳಿ ಗುಂಡಿಗಾಗಿ ಹುಡುಕುತ್ತಿದ್ದೆ. ಕೈಗೆ ಬಂದದ್ದು ಸ್ಪ್ರಿಂಗು. ಕಿರುಬೆರಳಿನಷ್ಟು ಉದ್ದ, ಎರಡೂ ತುದಿಗೆ ಕೊಕ್ಕೆ. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷ ಗುಂಡಿಗಳ ನಡುವೆ ಬಿದ್ದಿದ್ದರೂ ಪೆಟ್ರೋಲಿನ ವಾಸನೆ ಇನ್ನೂ ಇದ್ದ ಹಾಗಾಯಿತು... ಬರೀ ನನಗೆ ಅನಿಸಿದ್ದೂ ಇರಬಹುದು.

ಸಿಂಧನೂರಿನಲ್ಲಿ ನನ್ನ ಹೊಲಿಗೆ ಅಂಗಡಿಗೂ ಮಿಸ್ತ್ರಿ ಮಾವನ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ಮಾವ ಎಂದರೆ ನೆಂಟರಲ್ಲ. ಕರೆದೂ ಕರೆದೂ ಮಾವನಾದವರು. ಹಣೆ ತುಂಬ ವಿಭೂತಿ, ಮೊಣಕೈವರೆಗೆ ಗ್ರೀಸು. ನನ್ನ ಅಂಗಡಿಗೆ ಬಂದರೆ ಬಟ್ಟೆಗೆ ತಾಗೀತೆಂದು ಎರಡೂ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದರು, ಶಾಲೆ ತಪಾಸಣೆಗೆ ಬಂದ ಸಾಹೇಬರ ಹಾಗೆ.

ಅವರದೊಂದು ಹಟವಿತ್ತು. ರಿಪೇರಿ ಮಾಡಿದ ಗಾಡಿಯನ್ನು ಮೊದಲು ತಾವೇ ಹತ್ತಿ, ಲಿಂಗಸುಗೂರು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುವವರೆಗೆ ಮಾಲಕರಿಗೆ ಕೊಡುತ್ತಿರಲಿಲ್ಲ. ಬೈಕಿರಲಿ, ಟ್ರ್ಯಾಕ್ಟರಿರಲಿ, ಯಾರಿಗೆ ಎಷ್ಟೇ ಅವಸರವಿರಲಿ, ಒಂದೇ ಮಾತು. "ಬೀಳೂದಿದ್ರ ಮೊದಲು ನಾ ಬೀಳತೀನ್ರೀ. ಆಮ್ಯಾಲೆ ನೀವು ಒಯ್ಯಿರಿ." ಮಕ್ಕಳ ಮೂರು ಗಾಲಿ ಸೈಕಲ್ಲಿಗೆ ಮಾತ್ರ ರಿಯಾಯಿತಿ ಕೊಟ್ಟಿದ್ದರು.

ಒಂದು ಬೇಸಿಗೆಯಲ್ಲಿ ತುರ್ವಿಹಾಳದ ಆಚೆಯ ಸವುಳು ಬಯಲಿಗೆ ಎರಡು ಸೀಟಿನ ಪುಟ್ಟ ವಿಮಾನ ಬಂತು. ಬಳ್ಳಾರಿ ಕಡೆಯ ಪೈಲಟ್ ಒಬ್ಬ ಆಸೆಪಟ್ಟವರನ್ನು ಕೂರಿಸಿಕೊಂಡು ಮೇಲೆ ಒಂದು ಸುತ್ತು ತಿರುಗಿಸುತ್ತಿದ್ದ. ಮೂರನೇ ದಿನ ಎಂಜಿನ್ನು ನಡುಗತೊಡಗಿತು. ಪೆಟ್ರೋಲ್ ಉಣಿಸಲು ಅದಕ್ಕೆ ಎರಡು ಕಾರ್ಬುರೇಟರು. ಒಂದರ ಸ್ಪ್ರಿಂಗು ತುಂಡಾಗಿತ್ತು. ಹೊಸದು ಬರಲು ವಾರ ಬೇಕು. ಯಾರೋ ಮಾವನನ್ನು ತೋರಿಸಿದರು. ಸೀಟಿನ ಬಟ್ಟೆಯೂ ಹರಿದಿತ್ತೆಂದು ಸೂಜಿ ದಾರ ಹಿಡಿದು ನಾನೂ ಅವರ ಬೈಕಿನ ಹಿಂದೆ ಕುಳಿತೆ.

ಮಾವ ತುಂಡಾದ ಸ್ಪ್ರಿಂಗನ್ನು ಅಂಗೈಯಲ್ಲಿಟ್ಟು ತೂಗಿದರು. ಅಂಥದೇ ತಂತಿಯನ್ನು ಸರಳಿಗೆ ಸುತ್ತಿ ಎರಡು ಮಾಡಿದರು; ಒಂದು ಹಾಕಲು, ಒಂದು ಇರಲಿ ಎಂದು. ಪೈಲಟ್ ಊಟಕ್ಕೆ ಹೋಗಿದ್ದ. ಎಂಜಿನ್ನಿಗೆ ಬಗ್ಗಿದ ಮಾವ ನಕ್ಕುಬಿಟ್ಟರು. "ಯಾವ ಶಾಣ್ಯಾ ಹಾಕ್ಯಾನಲೇ ಇದನ್ನ? ಎರಡೂ ಉಲ್ಟಾ ಅದಾವು!"

ಬೈಕಿನಲ್ಲಿ ಎಕ್ಸಲೇಟರ್ ತಿರುಗಿಸಿದರೆ ಕೇಬಲ್ಲು ಎಳೆದು ಎಂಜಿನ್ನು ಜೋರಾಗುತ್ತದೆ, ಕೈಬಿಟ್ಟರೆ ಸ್ಪ್ರಿಂಗು ಅದನ್ನು ಮೆತ್ತಗೆ ಮಾಡುತ್ತದೆ. ಮೂವತ್ತು ವರ್ಷ ಅವರು ಕಂಡದ್ದು ಅದೇ. ಇಲ್ಲಿ ಸ್ಪ್ರಿಂಗು ಎಂಜಿನ್ನನ್ನು ಜೋರು ಮಾಡುವ ಕಡೆಗೆ ಎಳೆಯುತ್ತಿತ್ತು. ಮಾವ ಹೊಸದನ್ನು ತಾವು ಬಲ್ಲ ರೀತಿಯಲ್ಲೇ ಹಾಕಿ, ಚೆನ್ನಾಗಿದ್ದ ಇನ್ನೊಂದನ್ನೂ ತಿರುಗಿಸಿ ಕೂರಿಸಿದರು.

ಪೈಲಟ್ ಬಂದು ಚಾಲೂ ಮಾಡಿ ಹಿಡಿಕೆ ನೂಕಿದ. ಎಂಜಿನ್ನು ಗೊರಗೊರ ಎನ್ನುತ್ತಲೇ ಇತ್ತು, ಏರಲಿಲ್ಲ. ಇಳಿದು ನೋಡಿದವನ ಮುಖ ಬಿಳುಪೇರಿತು.

"ಯಾಕ ತಿರುಗಿಸಿದ್ರಿ ಯಜಮಾನ್ರ?"

"ಕೇಬಲ್ ಹರಿದ್ರ ಗಾಡಿ ನಿಲ್ಲಬೇಕಲ್ರೀ."

"ರಸ್ತಾದಾಗ ನಿಲ್ಲಬೇಕ್ರೀ. ಮ್ಯಾಲೆ ನಿಂತ್ರ? ಅದಕ್ಕಽ ಕೇಬಲ್ ಹರಿದ್ರ ಇದು ಪೂರಾ ಜೋರು ಆಗಬೇಕು. ಜೋರಿದ್ರ ಬಯಲು ನೋಡಿ ಇಳಿಸಬಹುದು."

ಮಾವ ಅಲ್ಲೇ ನೆಲದ ಮೇಲೆ ಕುಳಿತು ಗ್ರೀಸಿನ ಕೈಗಳನ್ನೇ ನೋಡಿಕೊಂಡರು. ಆಮೇಲೆ ಎದ್ದು ಎರಡೂ ಸ್ಪ್ರಿಂಗುಗಳನ್ನು ಮೊದಲಿನಂತೆ ಹಾಕಿ, ಪೈಲಟ್‌ನ ಕೈಯಲ್ಲಿ ಎಳೆಸಿ ಎಳೆಸಿ ತೋರಿಸಿದರು. ಎಂಜಿನ್ನು ಸರಿಯಾಗಿ ಏರಿತು.

"ಮೊದಲು ನಾ ಒಬ್ಬನಽ ಹೋಗಿ ಬರತೀನಿ. ಹೊಸಾ ಸ್ಪ್ರಿಂಗು, ನನಗಿನ್ನೂ ಭರೋಸಾ ಬಂದಿಲ್ಲ" ಎಂದ ಪೈಲಟ್.

"ಅದಕ್ಕಽ ನಾ ಬರತೀನಿ" ಎಂದರು ಮಾವ.

ನನಗೆ ನಿಜವಾಗಿ ಭಯವಾದದ್ದು ಆಗ. ಮಸ್ಕಿ ಗುಡ್ಡವನ್ನು ಅರ್ಧ ಹತ್ತಿ ಕಣ್ಣು ಕತ್ತಲೆ ಬಂದು, ಕುಳಿತುಕೊಂಡೇ ಜಾರಿ ಇಳಿದವರು ಇವರು. ಆ ಕತೆ ಹೇಳಿ ನಾನೇ ಎಷ್ಟೋ ಸಲ ಕಾಡಿಸಿದ್ದೆ. "ಬ್ಯಾಡ್ರಿ ಮಾವ, ಇದೇನು ಬೈಕೇನ್ರೀ?" ಎಂದೆ. ಪೈಲಟ್ಟೂ ಬೇಡವೆಂದ.

"ನನ್ನ ಕೈಯಾಗಿನ ಕೆಲಸ. ತಪ್ಪೂ ಮಾಡೀನಿ. ಇವ ಒಬ್ಬನ್ನಽ ಹ್ಯಾಂಗ ಕಳಸಲಿ?"

ವಿಮಾನದ ಮೂತಿಗೆ ಒಂದು ಬೆರಳು ವಿಭೂತಿ ಹಚ್ಚಿ, ಚಪ್ಪಲಿ ಕೆಳಗೆ ಬಿಟ್ಟು, ಆಗಷ್ಟೇ ನಾನು ಹೊಲಿದ ಸೀಟಿನ ಮೇಲೆ ಕುಳಿತರು. ವಿಮಾನ ಧೂಳೆಬ್ಬಿಸಿ ಓಡಿತು, ಎದ್ದಿತು, ಕಾಲುವೆ ದಾಟಿ ಸಣ್ಣದಾಯಿತು. ನಾನು ಆ ಚಪ್ಪಲಿಗಳ ಪಕ್ಕ ನಿಂತೇ ಇದ್ದೆ. ಎಷ್ಟು ಹೊತ್ತೋ... ಹತ್ತು ನಿಮಿಷವೂ ಇರಲಿಕ್ಕಿಲ್ಲ.

ಇಳಿದ ಮೇಲೆ ಮಾವ ರೆಕ್ಕೆ ಹಿಡಿದುಕೊಂಡೇ ಚಪ್ಪಲಿ ಮೆಟ್ಟಿದರು. "ಏನೇನು ಕಂಡ್ರಿ?" ಎಂದು ಕೇಳಿದೆ.

"ಕಣ್ಣ ಮುಚ್ಚಿದ್ದೆ ಬೇ. ಕಿವಿ ತೆರದಿದ್ದೆ... ಎಂಜಿನ್ ಛಲೋ ಓಡ್ತು." ಪೈಲಟ್ ಕಡೆ ತಿರುಗಿ, "ಹ್ಞಾಂ, ಇನ್ನ ಒಯ್ಯಿರಿ" ಎಂದರು. ಉಳಿದ ಸ್ಪ್ರಿಂಗನ್ನು ನನಗೆ ಕೊಟ್ಟರು. ಮತ್ತೆ ಯಾರಾದರೂ ಮಸ್ಕಿ ಗುಡ್ಡದ ಮಾತೆತ್ತಿದರೆ ತೋರಿಸಬೇಕಂತೆ.

ಹೋದ ವರ್ಷ ನನ್ನ ಹಳೆಯ ಸ್ಕೂಟರಿನ ಎಕ್ಸಲೇಟರ್ ಕೈಬಿಟ್ಟರೂ ಹಿಂದಕ್ಕೆ ಬರುತ್ತಿರಲಿಲ್ಲ. ಮಾವ ಸಂಜೆ ಹೊಸ ಸ್ಪ್ರಿಂಗು ಹಾಕಿ, "ನಾಳೆ ಮುಂಜಾನೆ ಒಂದು ಸುತ್ತು ಹಾಕಿ ಕೊಡತೀನಿ ತಗೋ" ಎಂದು ಗ್ಯಾರೇಜಿನ ಬಾಗಿಲು ಎಳೆದರು. ಬೆಳಗಿನೊಳಗೆ ಎದೆನೋವು ಬಂದು ಹೋಗಿಯೇಬಿಟ್ಟರು. ಅವರ ಮಗಳು ಬೀಗ ತೆಗೆದು ಸ್ಕೂಟರು ಕೊಟ್ಟಳು. ತಳ್ಳಿಕೊಂಡು ಬಂದು ಅಂಗಡಿ ಮುಂದೆ ನಿಲ್ಲಿಸಿ, ಮೇಲೆ ಬಟ್ಟೆ ಹೊದಿಸಿದೆ. ಕೆಟ್ಟಿದೆಯೆಂದು ಗಿರಾಕಿಗಳು ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಮೊನ್ನೆ ಡಬ್ಬಿಯಲ್ಲಿ ಸ್ಪ್ರಿಂಗು ಸಿಕ್ಕ ದಿನ ಬಾಟಲಿಯಲ್ಲಿ ಪೆಟ್ರೋಲ್ ತರಿಸಿ ಹಾಕಿದೆ. ಆರೇಳು ಕಿಕ್ಕಿಗೆ ಚಾಲೂ ಆಯಿತು. ಎಕ್ಸಲೇಟರ್ ತಿರುಗಿಸಿ ಕೈಬಿಟ್ಟೆ; ಎಂಜಿನ್ನು ಮೆತ್ತಗೆ ಇಳಿಯಿತು. ಇನ್ನೊಮ್ಮೆ ತಿರುಗಿಸಿ ಬಿಟ್ಟೆ. ಮತ್ತೂ ಹಾಗೆಯೇ ಇಳಿಯಿತು. ಗೋಡೆಯ ಆಚೆ ಗ್ಯಾರೇಜಿಗೆ ಬೀಗ. ನನಗೆ ಅಳು ತಡೆಯಲಾಗಲಿಲ್ಲ.

ಬಂದ್ ಮಾಡಿ, ಮತ್ತೆ ಬಟ್ಟೆ ಹೊದಿಸಿ, ಮನೆಗೆ ನಡೆದೇ ಹೋದೆ. ಗಾಡಿಗೆ ಏನೂ ಆಗಿಲ್ಲ. ಮಾವ ಇನ್ನೂ ಒಂದು ಸುತ್ತು ಹಾಕಿಲ್ಲ, ಅಷ್ಟೆ.