ಅಜ್ಜನ ಕೋವಿಯೂ ನನ್ನ ಬಾಯಿಯೂ

ಅಜ್ಜನ ಕೋವಿಯ ಲೈಸೆನ್ಸು ಇನ್ನೇನು ಹೋಗಿಯೇಬಿಡುತ್ತಿತ್ತು, ಅದೂ ನನ್ನ ಬಾಯಿಂದ. ಎಪ್ಪತ್ತರ ದಶಕದ ಕೊನೆ. ನನಗೆ ಇಪ್ಪತ್ತು ತುಂಬಿತ್ತು, ಬುದ್ಧಿ ತುಂಬಿರಲಿಲ್ಲ. ಯಾರ ದನಿಯನ್ನಾದರೂ ಎತ್ತಿಕೊಂಡು ಹಾಗೆಯೇ ಆಡುವುದು ನನ್ನ ಚಟ. ಹೊನ್ನಾಳಿ ಬಸ್ಸಿನ ಕಂಡಕ್ಟರು, ಜಗಳೂರಿನ ಸೋದರಮಾವ, ಮೂಗಿನಲ್ಲೇ ಪಾಠ ಹೇಳುವ ಮೇಷ್ಟ್ರು, ಯಾರನ್ನೂ ಬಿಟ್ಟವನಲ್ಲ. ನನ್ನನ್ನು ನಾನೇ ಅಣಕಿಸಿಕೊಂಡಾಗ ಮಾತ್ರ ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಸ್ವಂತದ್ದು ಅಂತ ಒಂದು ದನಿ ಇದ್ದರೆ ತಾನೇ.

ಉಬ್ರಾಣಿ ಕಡೆಯ ನಮ್ಮೂರಿಗೆ ಕಾಡು ಹತ್ತಿರ. ಬೆಳೆ ಕಾಯಲೆಂದು ಅಜ್ಜನಿಗೆ ಒಂಟಿ ನಳಿಗೆಯ ಕೋವಿಯೊಂದಿತ್ತು. ಕೋವಿ ಅಜ್ಜನದಾದರೂ ಕಾವಲು ಇಡೀ ಊರಿನದು. ಯಾರ ಹೊಲಕ್ಕೆ ಹಂದಿ ನುಗ್ಗಿದರೂ ಅವರು ಬಂದು, "ಯಜಮಾನ್ರೆ, ಒಂದು ಈಡು ಹಾರಿಸಿ ಬರ್ರಿ" ಅನ್ನುವರು. ಜಗಳವಾಡಿ ಮಾತು ಬಿಟ್ಟವರ ಹೊಲಕ್ಕೂ ಅಜ್ಜ ಹೋಗಲೇಬೇಕು. ಅದು ಊರಿನ ರೂಢಿ.

ಆ ವರ್ಷ ನವೀಕರಣಕ್ಕೆ ಅಜ್ಜನೇ ಕೋವಿ ಹಿಡಿದು ಚನ್ನಗಿರಿಯ ತಾಲ್ಲೂಕು ಕಚೇರಿಗೆ ಹೋಗಬೇಕಿತ್ತು. ಆದರೆ ಕೈ ನಡುಗಲು ಶುರುವಾಗಿತ್ತು. ಅದನ್ನು ಕಚೇರಿಯ ಸಾಹೇಬರು ಕಂಡರೆ ಕೋವಿಯನ್ನು ಅಲ್ಲೇ ಇರಿಸಿಕೊಳ್ಳುತ್ತಾರೆಂದು ಅಜ್ಜನಿಗೆ ಊಟ ಸೇರದಾಯಿತು. ಧೈರ್ಯ ತುಂಬಲು ನಾನೇ ಜಗುಲಿಯ ಮೇಲೆ ಸಾಹೇಬನಾಗಿ ಕೂತೆ.

"ಏನ್ರಿ ಯಜಮಾನ್ರೆ, ಕೋವಿ ಯಾಕೆ ಬೇಕು ನಿಮಗೆ? ಅದೇನು ನಿಮ್ಮ ಹಕ್ಕಾ?"

ಅಜ್ಜ ನಿಜವಾದ ಸಾಹೇಬರ ಮುಂದೆ ನಿಂತವನಂತೆ ಹೆಗಲ ಟವಲ್ಲು ತೆಗೆದ. "ಪಾಳೆಗಾರರ ಕಾಲದಾಗೆ ಊರು ಕಾಯೋನಿಗೆ ಕತ್ತಿ ಕೊಟ್ಟು, ಉಣ್ಣಾಕೆ ಹೊಲಾನೂ ಕೊಡ್ತಿದ್ರಂತೆ ಸ್ವಾಮಿ. ಆಮ್ಯಾಲೆ ಬಿಳಿ ದೊರೆಗಳು ಬಂದ್ರು. ಜನ ತಿರುಗಿ ಬಿದ್ದಾರು ಅಂತ ಆಯುಧ ಎಲ್ಲಾ ಇಸ್ಕಂಡು, ಬೇಕಾದೋರು ಅರ್ಜಿ ಹಾಕ್ರಿ ಅಂದ್ರು. ನಮ್ಮಪ್ಪ ಹಾಕಿದ್ದಕ್ಕೆ ಇಲ್ಲ ಅಂದ್ರು. ಸ್ವರಾಜ್ಯ ಬಂದ ಮ್ಯಾಲೆ ನನಗೆ ಕೊಟ್ರು. ಹಕ್ಕೋ ಏನೋ ನಾ ಕಾಣೆ. ಅಪ್ಪನ್ನ ನಂಬದಿದ್ದ ಕಚೇರಿ ನನ್ನ ನಂಬೈತೆ. ಅಷ್ಟು ಸಾಕು ನನಗೆ."

ಸಾಹೇಬನ ವೇಷ ನನ್ನ ಮೈಯಿಂದ ತಾನಾಗಿ ಕಳಚಿತು. ಹೋಗಿ ಅಜ್ಜನ ಟವಲ್ಲನ್ನು ಮತ್ತೆ ಹೆಗಲಿಗೆ ಹಾಕಿದೆ.

ಮಾರನೆಯ ದಿನ ಬಸ್ಸಿನಲ್ಲಿ ಅಜ್ಜ ಕೋವಿಗೆ ಕಂಬಳಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಕಚೇರಿಯಲ್ಲಿ ಕಾದೂ ಕಾದೂ, ದಿಗಿಲಿಗೆ ಬಾಯ್ತುಂಬ ಎಲೆಅಡಿಕೆ ತುಂಬಿಕೊಂಡ. ಅಷ್ಟರಲ್ಲೇ ಕರೆ ಬಂತು. ಉಗುಳಲು ಪುರುಸೊತ್ತಿಲ್ಲ.

"ಕೈ ನಡುಗ್ತಿದೆಯಲ್ರಿ," ಅಂದರು ಸಾಹೇಬರು. "ಗುರಿ ಸಿಗುತ್ತಾ?"

ಅಜ್ಜನ ಬೆನ್ನ ಹಿಂದೆ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಅಜ್ಜನ ದನಿಯಲ್ಲೇ ಅಂದೆ: "ಎಷ್ಟೇ ದೂರ ಇರ್ಲಿ ಸ್ವಾಮಿ, ಹಂದಿ ಕಣ್ಣಿಗೇ ಹೊಡೀತೀನಿ."

ಸಾಹೇಬರು ಅಜ್ಜನ ಮುಚ್ಚಿದ ತುಟಿಯನ್ನೂ ಉಬ್ಬಿದ ಕೆನ್ನೆಯನ್ನೂ ನೋಡಿದರು. ಆಮೇಲೆ ನನ್ನನ್ನು. "ಯಜಮಾನ್ರೆ, ನಿಮ್ಮ ದನಿ ಬೆನ್ನ ಹಿಂದಿಂದ ಬರ್ತಿದೆ."

ಅಜ್ಜ ಹೊರಗೆ ಹೋಗಿ ಉಗುಳಿ, ಬಾಯಿ ತೊಳೆದು ಬಂದ. "ಸುಳ್ಳು ಸ್ವಾಮಿ. ಗುರಿ ಸಿಗಾಕಿಲ್ಲ. ಬರೀ ಮದ್ದು ತುಂಬಿ ಆಕಾಶಕ್ಕೆ ಹಾರಿಸ್ತೀನಿ. ಸದ್ದಿಗೇ ಹಂದಿ ಓಡ್ತಾವೆ. ಕೊಂದು ಬಾಳ ವರ್ಷ ಆತು."

ಸಾಹೇಬರು ಪೆನ್ನು ಕೆಳಗಿಟ್ಟು ಮೆತ್ತಗೆ ಅಂದರು: "ಹಾಗಾದ್ರೆ ಮೊಮ್ಮಗನ ಹೆಸರಿಗೆ ಮಾಡಿಸಿಬಿಡಿ. ವಯಸ್ಸಿನ ಹುಡುಗ, ಕೈ ಗಟ್ಟಿಯಾಗಿದೆ."

ಅಜ್ಜ ನನ್ನ ತಲೆಯ ಮೇಲೆ ಆ ನಡುಗುವ ಕೈ ಇಟ್ಟು ಕೊಟ್ಟ ಉತ್ತರ ಕೇಳಿ ಸಾಹೇಬರು ಅಜ್ಜನ ಹೆಸರಿಗೇ ಮುದ್ರೆ ಒತ್ತಿಸಿದರು.

"ನನ್ನ ದನಿ ಕಲ್ತಾನೆ ಸ್ವಾಮಿ, ನನ್ನ ಹೆದರಿಕೆ ಇನ್ನೂ ಕಲ್ತಿಲ್ಲ. ಅದು ಬರೋಗಂಟ ಇವನ ಕೈಗೆ ಕೋವಿ ಬ್ಯಾಡ."