ತಾರಸಿಯ ಮೇಲೆ ದೋಣಿಯ ಬಾಗಿಲು

ರಾಜಾಜಿನಗರದ ನಮ್ಮ ಮನೆಯ ತಾರಸಿಯಲ್ಲಿ ಈ ಬೇಸಿಗೆ ಸಂಡಿಗೆ ಇಡಲು ಜಾಗವಿರಲಿಲ್ಲ. ಅಲ್ಲಿ ಎರಡು ಬಾಗಿಲುಗಳು ಅಂಗಾತ ಮಲಗಿದ್ದವು. ಮನೆಯವಲ್ಲ, ಹಾಯಿದೋಣಿಯವು. ಸಮುದ್ರವಿಲ್ಲದ ಊರಿನಲ್ಲಿ ದೋಣಿಯ ಬಾಗಿಲು ರಿಪೇರಿ ಮಾಡುವ ಪುಣ್ಯಾತ್ಮರು ಯಾರು ಎಂದು ಕೇಳುತ್ತೀರೇನೋ. ನಮ್ಮ ಯಜಮಾನರು.

ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ಇವರೂ ಇವರ ಗೆಳೆಯ ದತ್ತಣ್ಣನೂ ಸೇರಿ ಹಳೆಯದೊಂದು ದೋಣಿ ಕೊಂಡಿದ್ದರು. ನಿವೃತ್ತಿಯಾಗಿ ಇಲ್ಲಿಗೆ ಬಂದ ಮೇಲೂ ಮಳೆಗಾಲ ಮುಗಿಯುತ್ತಲೇ ಇವರು ಅಲ್ಲಿಗೆ ಹೋಗಿ ಹಾಯಿ ಬಿಚ್ಚಿ ಸಮುದ್ರ ಸುತ್ತಿ ಬರುತ್ತಿದ್ದರು. ಹೋದ ವರ್ಷ ಹೃದಯದ ಆಪರೇಷನ್ ಆಯಿತು, ಹೋಗಲಿಲ್ಲ. ಈಗ ಡಾಕ್ಟರು ಹೋಗಬಹುದು ಎಂದಿದ್ದಾರೆ. ಒಪ್ಪದವಳು ನಾನು. ಇವರು ಕಾರವಾರ ಎಂದರೆ ನಾನು ಮಾತ್ರೆ ತಗೊಂಡ್ರಾ ಎನ್ನುತ್ತಿದ್ದೆ.

ಅಷ್ಟರಲ್ಲಿ ದತ್ತಣ್ಣ ಫೋನು ಮಾಡಿ, "ಹ್ಯಾಚ್ ಎರಡೂ ಸೋರ್ತದೆ ಮಾರಾಯಾ" ಎಂದ. ಹ್ಯಾಚ್ ಎಂದರೆ ದೋಣಿಯ ಮೇಲ್ಭಾಗದಲ್ಲಿರುವ ಚೌಕದ ಬಾಗಿಲು. ಕೆಳಗಿನ ಕೋಣೆಗೆ ಬೆಳಕು, ಗಾಳಿ ಬರುವುದು ಅಲ್ಲಿಂದಲೇ. ಚೌಕಟ್ಟಿನ ಸಮೇತ ಬಿಚ್ಚಿ ಬಸ್ಸಿಗೆ ಹಾಕು, ಇಲ್ಲೇ ಸರಿಮಾಡುತ್ತೇನೆ ಎಂದರು ಇವರು. ಬಾಗಿಲು ಇಲ್ಲಿರುವವರೆಗೆ ಇವರೂ ಇಲ್ಲೇ ಇರುತ್ತಾರೆ ಎಂದು ನಾನು ಸುಮ್ಮನಾದೆ.

ನಮ್ಮ ಬಡಾವಣೆಯಲ್ಲಿ ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಎಂದು ತಲೆ ಕೆಡಿಸಿಕೊಳ್ಳದೆ ಮನೆ ಕಟ್ಟಿದವರಿಲ್ಲ. ಆಕಾಶಕ್ಕೆ ಮುಖ ಮಾಡಿದ ಬಾಗಿಲಿಗೆ ವಾಸ್ತು ಏನು ಹೇಳುತ್ತದೋ ಕಾಣೆ. ಹೊಸ್ತಿಲು ತುಳಿಯಬಾರದೆಂದು ನನ್ನನ್ನು ಬೆಳೆಸಿದರು. ದೋಣಿಯವರು ಬಾಗಿಲನ್ನೇ ತುಳಿದುಕೊಂಡು ಓಡಾಡುತ್ತಾರಂತೆ.

ಬಾಗಿಲಿನಲ್ಲಿ ಗಾಜಿನ ಬದಲು ಕೂರಿಸಿದ್ದ, ಮಬ್ಬುಗಟ್ಟಿದ ಹಳೆಯ ಅಕ್ರಿಲಿಕ್ ಹಾಳೆ ಕಿತ್ತು, ಅದೇ ಅಳತೆಗೆ ಹೊಸದನ್ನು ಕತ್ತರಿಸಲು ಸುಂಕದಕಟ್ಟೆಯ ಅಂಗಡಿಗೆ ಕೊಟ್ಟೆವು. "ಫಿಶ್ ಟ್ಯಾಂಕಾ ಆಂಟಿ?" ಎಂದ ಅಂಗಡಿಯವನು. ಮೀನು ಹೊರಗಿರುತ್ತೆ, ನಮ್ಮವರು ಒಳಗಿರ್ತಾರೆ ಎನ್ನಬೇಕೆಂದುಕೊಂಡೆ. ಹೂಂ ಎಂದು ಮುಂಗಡ ಎಣಿಸಿ ಕೊಟ್ಟೆ.

ಮೊದಲನೆಯದನ್ನು ಇವರೇ ಮುಗಿಸಿದರು. ನಿಧಾನ, ನಡುನಡುವೆ ಕೂತು ಎದೆ ನೀವಿಕೊಳ್ಳುವುದು. ನೋಡಲಾರದೆ ಎರಡನೆಯದನ್ನು ಇವರು ಮಧ್ಯಾಹ್ನ ಮಲಗಿದ್ದಾಗ ನಾನೇ ಮುಗಿಸಿಬಿಟ್ಟೆ. ತಾರಸಿ ಸೋರುವುದು ನನಗೇನು ಹೊಸತೇ? ಪ್ರತಿ ಬೇಸಿಗೆಯೂ ಮಳೆಗೆ ಮುಂಚೆ ಬಿರುಕು ಹುಡುಕಿ ಮೆತ್ತುವವಳು ನಾನು. ಅಕ್ರಿಲಿಕ್ ಕೂರಿಸಿದೆ, ರಬ್ಬರು ಹಾಕಿದೆ. ಮುಚ್ಚಳಕ್ಕೂ ಚೌಕಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು ಕಂಡಿತು. ಸುತ್ತಲೂ ಸಿಲಿಕೋನ್ ಅಂಟು ತುಂಬಿ, ಸೋಪಿನ ನೀರಿನಲ್ಲಿ ಅದ್ದಿದ ಬೆರಳಲ್ಲಿ ಸವರಿ ನುಣುಪು ಮಾಡಿದೆ.

ಮರುದಿನ ಬೆಳಿಗ್ಗೆ ಪರೀಕ್ಷೆ. ಎರಡನ್ನೂ ಇಟ್ಟಿಗೆಯ ಮೇಲಿಟ್ಟು, ಕೆಳಗೆ ಪೇಪರು ಹಾಸಿ, ಮೇಲೆ ನೀರು ಸುರಿದರು. ಇವರದ್ದರ ಅಡಿಯಲ್ಲಿ ಎರಡು ಹನಿ. ನನ್ನದರ ಅಡಿಯಲ್ಲಿ ಪೇಪರು ಗರಿಗರಿ. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಇವರು ನನ್ನದರ ಹಿಡಿ ತಿರುಗಿಸಿ ಮುಚ್ಚಳ ಎತ್ತಲು ನೋಡಿದರು. ಏಳಲಿಲ್ಲ. ಇನ್ನೊಮ್ಮೆ ಎತ್ತಿದರು. ಆಮೇಲೆ ಸಂದಿನ ಮೇಲೆ ಬೆರಳಾಡಿಸಿ ನನ್ನನ್ನು ನೋಡಿದರು. ಬೈಯಲಿಲ್ಲ.

"ನೀರು ಒಳಗೆ ಬರಲ್ಲ, ಸರಿ ಕಣೇ. ಒಳಗಿರೋನು ಹೊರಗೆ ಹೆಂಗೆ ಬರ್ತಾನೆ? ದೋಣಿ ಮಗುಚಿಕೊಂಡ್ರೆ, ಬೆಂಕಿ ಬಿದ್ರೆ, ಇದೇ ದಾರಿ."

ನಾನು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ. ಇವರನ್ನು ಉಳಿಸಿಕೊಳ್ಳಬೇಕೆಂದು ಆಪರೇಷನ್ನಿನ ದಿನದಿಂದ ನಾನು ಮಾಡುತ್ತಾ ಬಂದದ್ದೂ ಇದನ್ನೇ. ಎಲ್ಲ ಸಂದುಗಳನ್ನೂ ಮೆತ್ತಿಬಿಟ್ಟಿದ್ದೆ. ಇವರಿಗೆ ಉಸಿರಾಡಲು ಎಷ್ಟು ಜಾಗ ಉಳಿದಿತ್ತೋ, ಕೇಳಿರಲಿಲ್ಲ.

ಕೆಳಗಿಳಿದು ಅಡಿಗೆಮನೆಯ ಚಾಕು ತಂದೆ. ಇವರು ಕೈಚಾಚಿದರೂ ಕೊಡಲಿಲ್ಲ. ಹಾಕಿದವಳೇ ಕೊಯ್ದೆ, ನಾಲ್ಕೂ ಬದಿ, ಬಿಸಿಲೇರುವವರೆಗೆ. ಕೊನೆಯ ಮೂಲೆ ಬಿಟ್ಟುಕೊಂಡದ್ದೇ ಮುಚ್ಚಳ ಸಲೀಸಾಗಿ ಮೇಲೆದ್ದಿತು. ಇನ್ನೊಮ್ಮೆ ನೀರು ಸುರಿದು ನೋಡಿದಾಗ ನನ್ನದರ ಅಡಿಯಲ್ಲೂ ಎರಡು ಹನಿ. "ಅಷ್ಟು ಒರೆಸ್ಕೋತೀವಿ ಬಿಡು" ಎಂದರು.

ಈಗ ಬಾಗಿಲುಗಳನ್ನು ಗೋಣಿಯಲ್ಲಿ ಸುತ್ತಿಟ್ಟಿದ್ದಾರೆ. ಮಳೆ ಮುಗಿಯಲಿ ಎಂದು ಕಾಯುತ್ತಿದ್ದೇವೆ; ಅಲ್ಲಿಯವರೆಗೆ ದತ್ತಣ್ಣ ದೋಣಿಗೆ ಟಾರ್ಪಾಲು ಹೊದಿಸಿದ್ದಾನಂತೆ. ನಿನ್ನೆ ಹಗ್ಗ ಬಿಗಿಯುತ್ತಾ, ನನ್ನ ಮುಖ ನೋಡದೆ, "ಹೋಗ್ಲಾ?" ಎಂದರು. ನಮ್ಮಲ್ಲಿ ಬಾಗಿಲಲ್ಲಿ ನಿಂತವರಿಗೆ ಬರೀ ಹೋಗಿ ಎನ್ನುವ ಪದ್ಧತಿಯಿಲ್ಲ. ಭಯ ಹಾಗೇ ಇತ್ತು. ಆದರೂ ಹೇಳಿದೆ:

"ಹೋಗ್ಬಿಟ್ಟು ಬನ್ನಿ."